ಒಂಬತ್ತು ಕಿಲೋ ನಾನೂರು ಗ್ರಾಂ

ತಕ್ಕಡಿರಾಯರಿಗೆ ಈ ಭೂಮಂಡಲದಲ್ಲಿ ಸಹಿಸಲಾಗದ್ದು ಎರಡೇ. ಒಂದು, ಸಡಿಲವಾಗಿ ಕಟ್ಟಿದ ಪೊಟ್ಟಣ. ಇನ್ನೊಂದು, ಅವರ ಷಡ್ಡಕ. ಮೊದಲನೆಯದನ್ನು ಅವರು ದಿನಾ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಪಾರ್ಸೆಲ್ ಕಚೇರಿಯ ಮೂರನೇ ಕೌಂಟರಿನಲ್ಲಿ ಬಿಚ್ಚಿ, ಬೈದು, ಮತ್ತೆ ಕಟ್ಟಿ ಸರಿಪಡಿಸುತ್ತಿದ್ದರು. ಎರಡನೆಯದನ್ನು ಸರಿಪಡಿಸುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿರಲಿಲ್ಲ.

ರಾಯರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಪಾರ್ಸೆಲನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಡಿಸಿ, "ಎರಡು ಕಿಲೋ ಮುನ್ನೂರು" ಎಂದು ಅವರು ಘೋಷಿಸಿದರೆ ಯಂತ್ರ ಅದಕ್ಕೆ ಹೂಂಗುಟ್ಟುವುದಷ್ಟೇ ಬಾಕಿ. ಯಂತ್ರಕ್ಕೂ ರಾಯರಿಗೂ ಭಿನ್ನಾಭಿಪ್ರಾಯ ಬಂದಾಗ ಕಚೇರಿಯವರು ಯಂತ್ರವನ್ನು ರಿಪೇರಿಗೆ ಕಳಿಸುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಕೈದಾಟಿದ ಒಂದೇ ಒಂದು ಪಾರ್ಸೆಲ್ ತಲುಪದೆ ವಾಪಸು ಬಂದಿರಲಿಲ್ಲ. "ವಿಳಾಸ ಬರೆದ ಮೇಲೆ ಅದು ಬರೀ ಡಬ್ಬ ಅಲ್ಲ ಕಣ್ರಯ್ಯಾ, ಕೊಟ್ಟ ಮಾತು" ಎಂಬುದು ಹೊಸ ಗುಮಾಸ್ತರಿಗೆ ಅವರು ಮಾಡುತ್ತಿದ್ದ ಉಪದೇಶ. (ಈ ಮಾತನ್ನು ಓದುಗರು ಒಂದು ಕಡೆ ಎತ್ತಿಟ್ಟುಕೊಂಡಿರಬೇಕು. ರಾಯರ ಹೆಂಡತಿ ಎತ್ತಿಟ್ಟುಕೊಂಡಿದ್ದರು.)

ಇನ್ನು ಷಡ್ಡಕ. ಹೆಂಡತಿಯ ಅಕ್ಕನ ಗಂಡ, ನೀರು ಸರಬರಾಜು ಇಲಾಖೆಯ ನಿವೃತ್ತ ಇಂಜಿನಿಯರು. ಒಳ್ಳೆಯ ಮನುಷ್ಯನೇ. ಆದರೆ ಆತನ ಬಾಯಿಗೆ ನಲ್ಲಿ ಜೋಡಿಸುವುದನ್ನು ಇಲಾಖೆ ಮರೆತಿತ್ತು. ಬಾಗಿಲಿನ ಚಿಲಕ ಹಾಕಿದರೆ, "ಚಿಲಕದ ಹಿಂದಿನ ತತ್ವ ಏನು ಗೊತ್ತಾ ರಾಯರೇ?" ಆಕಳಿಸಿದರೆ, "ಆಕಳಿಕೆಯ ಹಿಂದಿನ ತತ್ವ ಏನು ಗೊತ್ತಾ?" ಗೊತ್ತು ಎಂದರೆ, "ಇಲ್ಲ, ನಿಮಗೆ ಗೊತ್ತಿರೋದು ತಪ್ಪು" ಎಂದು ಮೊದಲಿನಿಂದ ಶುರು. ಮದುವೆಯಾದ ಹದಿನೆಂಟು ವರ್ಷಗಳಿಂದ ರಾಯರ ವಾರ್ಷಿಕ ರಜೆ ಸಂಪೂರ್ಣವಾಗಿ ಈ ಷಡ್ಡಕನ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ವ್ಯಯವಾಗಿತ್ತು. ಪಿಂಚಣಿಗೆ ಇನ್ನೂ ಒಂಬತ್ತು ವರ್ಷವಿತ್ತು.

ಹೀಗಿರಲು ಒಂದು ದಿನ ಮೂರನೇ ಕೌಂಟರಿಗೆ ಬಿಸಿಲಿನಲ್ಲಿ ಸುಟ್ಟ ಮುಖದ ಯುವ ದಂಪತಿಗಳು ಬಂದರು. ಇಬ್ಬರ ಬೆನ್ನ ಮೇಲೂ ತಲೆಗಿಂತ ಎತ್ತರದ ಬ್ಯಾಗು. ಕಾಡಿನೊಳಗೆ, ಗುಡ್ಡಗಾಡು ಜನರ ಹಳ್ಳಿಯಿಂದ ಹಳ್ಳಿಗೆ ನಡೆದುಕೊಂಡೇ ಬಂದರಂತೆ. ರಾಯರು ಇಬ್ಬರ ಬ್ಯಾಗನ್ನೂ ಎತ್ತಿ ನೋಡಿದರು. ಇಡೀ ಸಂಸಾರ ಹದಿನೆಂಟು ಕಿಲೋ! "ಅಲ್ಲಿ ಫೋನು?" ಎಂದು ಕೇಳಿದರು. ಇಲ್ಲವಂತೆ. "ನೀರಿನ ಟ್ಯಾಂಕು?" ಇಲ್ಲವಂತೆ. ರಾಯರಿಗೆ ಮುಕ್ತಿಯ ದಾರಿ ಕಣ್ಣಿಗೆ ಕಟ್ಟಿತು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಮಹಾಯುದ್ಧವಾಗಬೇಕಿತ್ತು. ರಾಯರ ಹೆಂಡತಿ ಆಸ್ಪತ್ರೆಯ ಹೆಂಗಸರ ವಾರ್ಡಿನ ಹಿರಿಯ ನರ್ಸು. ಊರಿಗೆಲ್ಲ ನರ್ಸಮ್ಮ. ನಲವತ್ತು ಹಾಸಿಗೆಗಳನ್ನು ಒಂದು ಹುಬ್ಬಿನಲ್ಲಿ ಆಳುವ ಆ ಮಹಾತಾಯಿ ಈ ಪ್ರಸ್ತಾಪ ಕೇಳಿ ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ಕಾಡಿಗಾ? ಬಸ್ ಸ್ಟ್ಯಾಂಡಿಂದ ಮನೆಗೆ ತರಕಾರಿ ಚೀಲ ಹೊರೋಕೆ ಆಟೋ ಮಾಡೋರು ನೀವು."

"ಅದು ಬೇರೆ. ಅದರಲ್ಲಿ ಕುಂಬಳಕಾಯಿ ಇತ್ತು."

"ಸರಿ, ನಡೀರಿ. ಆದರೆ ಒಂದು ಮಾತು. ಐದು ದಿನ, ಐದು ಹಳ್ಳಿ. ನಿಮ್ಮ ಬ್ಯಾಗು ನಿಮ್ಮ ಬೆನ್ನ ಮೇಲೇ ಇರಬೇಕು. ಬ್ಯಾಗಾಗಲಿ, ಅದರಲ್ಲಿರೋ ಒಂದು ಕರ್ಚೀಫಾಗಲಿ ಬೇರೆಯವರ ಕೈಲಿ ಹೊರಿಸಿದ್ರೋ, ನೀವು ಪಿಂಚಣಿ ತಗೊಳೋವರೆಗೂ ಪ್ರತಿ ರಜೆಗೂ ಅಕ್ಕನ ಮನೆ. ತುಟಿ ಪಿಟಕ್ ಅನ್ನೋ ಹಾಗಿಲ್ಲ."

"ಹೊತ್ತರೆ?"

"ಹೊತ್ತರೆ ಇನ್ಮೇಲೆ ಪ್ರತಿ ರಜೆನೂ ನಿಮ್ಮಿಷ್ಟ. ಎಲ್ಲಿ ಅಂದ್ರೆ ಅಲ್ಲಿ."

ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ರಾಯರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅವರು ಆಗಲೇ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕತ್ತರಿಸುತ್ತಿದ್ದರು. ಆರು ಗ್ರಾಂ ಉಳಿತಾಯ.

ಮುಂದಿನ ಒಂದು ವಾರ ಮನೆ ತೂಕದ ಅಂಗಡಿಯಾಯಿತು. ಸೋಪು ಅರ್ಧವಾಯಿತು. ಬಾಚಣಿಗೆಯ ಹಲ್ಲುಗಳಲ್ಲಿ ರಾಯರ ತಲೆಗೂದಲಿಗೆ ಸಾಲುವಷ್ಟನ್ನು ಮಾತ್ರ ಉಳಿಸಲಾಯಿತು (ಏಳು). ಅಂಗಿಯ ಹೆಚ್ಚುವರಿ ಗುಂಡಿ ಕಿತ್ತುಹಾಕಲಾಯಿತು. ಆದರೆ ಕಚೇರಿಯಲ್ಲಿ ರದ್ದಾದ ಒಂದು ರಸೀದಿ ಪುಸ್ತಕ, ಒಂದು ಉಂಡೆ ಹುರಿ, ಒಂದು ಕಟ್ಟು ವಿಳಾಸದ ಚೀಟಿ ಮಾತ್ರ ಬ್ಯಾಗಿನೊಳಗೆ ಹೋದವು. "ಇದೆಲ್ಲ ಯಾಕ್ರೀ ಕಾಡಲ್ಲಿ?" ಎಂದರೆ, "ಮನಸ್ಸಿಗೊಂದು ಧೈರ್ಯ" ಎಂದರು.

ಇದರ ನಡುವೆ ನರ್ಸಮ್ಮ ಒಂದು ರಟ್ಟಿನ ಪೆಟ್ಟಿಗೆ ತಂದು ಮುಂದಿಟ್ಟರು. "ರೀ, ಅಕ್ಕನ ಮನೆಗೆ. ಕಟ್ಟಿಕೊಡಿ. ಆಸ್ಪತ್ರೆಗೆ ಹೋಗ್ತಾ ನಾನೇ ಬುಕ್ ಮಾಡ್ತೀನಿ."

ಒಳಗೇನಿದೆ ಎಂದು ಕೇಳುವುದು ರಾಯರ ವೃತ್ತಿಧರ್ಮಕ್ಕೆ ವಿರುದ್ಧ. ಮೂರೇ ಪ್ರಶ್ನೆ ಕೇಳಲು ಅವಕಾಶವಿತ್ತು. "ಒಡೆಯುತ್ತಾ? ಸೋರುತ್ತಾ? ಕಚ್ಚುತ್ತಾ?"

"ಒಡೆಯಲ್ಲ, ಸೋರಲ್ಲ. ಹೊಸದರಲ್ಲಿ ಸ್ವಲ್ಪ ಕಚ್ಚಬಹುದು."

ಹೆಂಡತಿ ತಮಾಷೆ ಮಾಡುವುದು ಅಪರೂಪವಾದ್ದರಿಂದ ರಾಯರು ನಕ್ಕರು. ಬಟ್ಟೆ ಸುತ್ತಿ, ಅಂಚು ಹೊಲಿದು, ಏಳು ಗಂಟು ಹಾಕಿ, ಮುತ್ತಿನಂಥ ಅಕ್ಷರದಲ್ಲಿ ಷಡ್ಡಕನ ವಿಳಾಸ ಬರೆದರು. ಕೈಯಲ್ಲಿ ತೂಗಿ, "ಮೂರು ಕಿಲೋ ಇನ್ನೂರು" ಎಂದು ಹೇಳಿ ಮರೆತೂಬಿಟ್ಟರು.

ಹೊರಡುವ ದಿನ ಬೆಳಗ್ಗೆ ಬ್ಯಾಗು ಅಧಿಕೃತವಾಗಿ ತೂಗಲ್ಪಟ್ಟಿತು. ಒಂಬತ್ತು ಕಿಲೋ ನಾನೂರು ಗ್ರಾಂ. ರಾಯರು ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದು, ಕೆಳಗೆ ಸಹಿ ಹಾಕಿ ಸ್ನಾನಕ್ಕೆ ಹೋದರು. ಬಂದಾಗ ನರ್ಸಮ್ಮ ಬ್ಯಾಗಿನ ಅಡಿಯ ಜಿಪ್ಪು ಎಳೆಯುತ್ತಿದ್ದರು. "ರೇನ್‌ಕೋಟು ಕೆಳಗಿಟ್ಟಿದೀನಿ. ಮಳೆ ಬಂದ್ರೆ ಮಾತ್ರ ಆ ಜಿಪ್ಪು ಮುಟ್ಟಿ. ಮಡಚೋಕೆ ಅರ್ಧ ಗಂಟೆ ಆಗಿದೆ ನನಗೆ."

ಬೆಟ್ಟದ ಬುಡದಲ್ಲಿ ದಾರಿ ತೋರಿಸಲು ಒಬ್ಬ ಅಜ್ಜ ಸಿಕ್ಕ. ಒಣಗಿದ ಬಳ್ಳಿಯಂಥ ದೇಹ, ಕೈಯಲ್ಲಿ ಒಂದು ಕತ್ತಿ. ಇನ್ನೆಷ್ಟು ದೂರ ಎಂದು ಯಾವಾಗ ಕೇಳಿದರೂ, "ಇನ್ನೊಂದು ತಿರುವು ಅಷ್ಟೇ" ಎನ್ನುತ್ತಿದ್ದುದರಿಂದ ಮಧ್ಯಾಹ್ನದ ಹೊತ್ತಿಗೆ ರಾಯರು ಅವನಿಗೆ ತಿರುವಜ್ಜ ಎಂದು ನಾಮಕರಣ ಮಾಡಿದರು. ಬಿದಿರು ಮೆಳೆ, ಬಂಡೆ, ಹಳ್ಳ, ಮತ್ತೆ ಬಿದಿರು ಮೆಳೆ. ಹನ್ನೆರಡು ಗಂಟೆ ನಿಂತೇ ಕೆಲಸ ಮಾಡಿ ಅಭ್ಯಾಸವಿದ್ದ ನರ್ಸಮ್ಮ ವಾರ್ಡಿನ ಸುತ್ತು ಹೊರಟವರಂತೆ ಸರಸರ ನಡೆದರು. ಇಪ್ಪತ್ತೆರಡು ವರ್ಷ ಕುರ್ಚಿಗೆ ನಿಷ್ಠರಾಗಿದ್ದ ರಾಯರು ಹಿಂದೆ ಏದುಸಿರು ಬಿಡುತ್ತ ಬಂದರು.

ಮೊದಲ ಏರಿನಲ್ಲೇ ಅವರಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಬೆನ್ನು ಸುಳ್ಳು ಹೇಳುವುದಿಲ್ಲ. "ಇದು ಹನ್ನೆರಡು ಕಿಲೋ ಆರುನೂರು ಇದೆ ಕಣೇ! ಮೂರು ಕಿಲೋ ಇನ್ನೂರು ಜಾಸ್ತಿ!"

"ವಯಸ್ಸು ರೀ. ಬ್ಯಾಗಿಗಲ್ಲ, ನಿಮಗೆ."

ರಾಯರು ಬಹಳ ಯೋಚಿಸಿ, ಎತ್ತರಕ್ಕೆ ಹೋದಂತೆ ವಸ್ತುಗಳು ಇಬ್ಬನಿ ಕುಡಿದು ಭಾರವಾಗುತ್ತವೆ ಎಂಬ ಸಿದ್ಧಾಂತ ಮಂಡಿಸಿದರು. ಮಂಡಿಸಿದ ಮೇಲೆ ತಮ್ಮ ದನಿ ಷಡ್ಡಕನ ದನಿಯಂತೆ ಕೇಳಿಸಿ ಗಾಬರಿಯಾಗಿ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಸೌದೆ ಬುಟ್ಟಿ ಹೊತ್ತ ಮೂವರು ಹೆಂಗಸರು ಹರಟೆ ಹೊಡೆಯುತ್ತ ಅವರನ್ನು ದಾಟಿಹೋದರು. ಒಂದೊಂದು ಬುಟ್ಟಿ ಮೂವತ್ತೆಂಟು ಕಿಲೋ. ಅದರಲ್ಲೊಬ್ಬಳು ರಾಯರನ್ನು ನೋಡಿ, "ಪಾಪ, ಹುಷಾರಿಲ್ವಾ?" ಎಂದು ನರ್ಸಮ್ಮನನ್ನು ಕೇಳಿದಳು.

ಮೊದಲ ಹಳ್ಳಿಯಲ್ಲಿ ಕಂಬಗಳ ಮೇಲೆ ನಿಂತ ಹನ್ನೊಂದು ಬಿದಿರಿನ ಮನೆಗಳು. ಹತ್ತಲು ಮರದ ದಿಮ್ಮಿಯಲ್ಲಿ ಕೊರೆದ ಮೆಟ್ಟಿಲು. ಅವರು ಉಳಿದುಕೊಂಡ ಮನೆಯ ಮುದುಕಿ ಸೊಂಟಕ್ಕೆ ಮಗ್ಗ ಕಟ್ಟಿಕೊಂಡು ಕೆಂಪು ಪಟ್ಟಿ ನೇಯುತ್ತಿದ್ದಳು. ಮಾರನೆಯ ಬೆಳಗ್ಗೆ ಹೊರಡುವಾಗ ಎಲೆಯಲ್ಲಿ ಸುತ್ತಿದ ಒಂದು ಕುಡುಗೋಲನ್ನು ರಾಯರ ಮುಂದೆ ಹಿಡಿದಳು.

"ಹೆಂಗೂ ಮುಂದಿನ ಹಳ್ಳಿಗೆ ಹೋಗ್ತೀಯಲ್ಲಪ್ಪ. ಅಲ್ಲಿ ನನ್ನ ಮಗಳಿದಾಳೆ, ಕೊಟ್ಟುಬಿಡು."

ರಾಯರು ನೋಡಿದರು. ಎಲೆಯಿಂದ ಕುಡುಗೋಲಿನ ಮೂತಿ ಹೊರಗೆ ಚಾಚಿತ್ತು. ಬಳ್ಳಿಗೆ ಒಂದೇ ಗಂಟು, ಅದೂ ಜಾರುಗಂಟು. ಅವರ ಮೈಯೆಲ್ಲ ಉರಿದುಹೋಯಿತು. "ಏನಮ್ಮಾ ಇದು! ಹೀಗಾ ಪ್ಯಾಕ್ ಮಾಡೋದು?" ಎಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಒಣಹುಲ್ಲು ಸುತ್ತಿದರು, ಬಾಳೆಯ ಪಟ್ಟೆ ಹಾಕಿದರು, ಹುರಿ ಬಿಗಿದು ಏಳು ಗಂಟು ಹೊಡೆದರು. ಮನೆಯವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು.

"ವಿಳಾಸ ಹೇಳಿ."

"ಮಗಳು."

"ಗುರುತು ಬೇಕಲ್ಲಮ್ಮ. ಹೇಗೆ ಹುಡುಕೋದು?"

"ಯಾವಾಗಲೂ ನಗ್ತಾ ಇರ್ತಾಳೆ. ಅವಳೇ."

ರಾಯರು ಗಂಭೀರವಾಗಿ ಚೀಟಿಯಲ್ಲಿ ಬರೆದರು: "ಯಾವಾಗಲೂ ನಗುತ್ತಿರುವ ಮಗಳು, ಎರಡನೇ ಹಳ್ಳಿ." ರಸೀದಿ ಹರಿದುಕೊಟ್ಟರು. ಪುಸ್ತಕದಲ್ಲಿ ಉಳಿದ ಪ್ರತಿಯ ಮೇಲೆ, ಸಹಿಯ ಜಾಗದಲ್ಲಿ, ಮುದುಕಿ ಇದ್ದಿಲಿನಿಂದ ಒಂದು ಬಾಚಣಿಗೆ ಬರೆದಳು. ರಾಯರಿಗೆ ಕೌಂಟರಿನಲ್ಲಿ ಕೂತಷ್ಟೇ ನೆಮ್ಮದಿಯಾಯಿತು.

ಎರಡನೇ ಹಳ್ಳಿಯಲ್ಲಿ ನಗುವ ಮಗಳು ಸಿಕ್ಕಳು. ಕುಡುಗೋಲಿನ ಅವತಾರ ನೋಡಿ ಇನ್ನಷ್ಟು ನಕ್ಕಳು. ಆದರೆ ಗಂಟು ಬಿಚ್ಚಲು ಮೂವರು ಬೇಕಾದ್ದರಿಂದ ಸುದ್ದಿ ಹಬ್ಬಿತು. ಕಣಿವೆಯ ಈಚೆ ನಿಂತು ಒಬ್ಬ ಕೂಗಿದ, ಆಚೆಯಿಂದ ಇನ್ನೊಬ್ಬ ಓಗೊಟ್ಟ. ಸಾಮಾನು ಹೊರುವ ಒಬ್ಬ ಮನುಷ್ಯ ಬಂದಿದ್ದಾನೆ, ಏನು ಕೊಟ್ಟರೂ ಬೇಡ ಅನ್ನುವುದಿಲ್ಲ, ಚಿತ್ರ ಬರೆಸಿಕೊಂಡು ಕಾಗದ ಕೊಡುತ್ತಾನೆ! ಮಾರನೆಯ ಬೆಳಗ್ಗೆ ಮೆಟ್ಟಿಲ ಕೆಳಗೆ ನಾಲ್ಕು ಜನ ಕಾದಿದ್ದರು. ಒಬ್ಬನ ಬಳಿ ಬೀಜ ತುಂಬಿದ ಸೋರೆಬುರುಡೆ. ಇನ್ನೊಬ್ಬನ ಬಳಿ ಬಾಗಿಲಿನ ಎರಡು ಕೀಲು. ಮೂರನೆಯವಳದು ಬೀಸುಕಲ್ಲಿನ ಮೇಲರ್ಧ, ಏಳು ಕಿಲೋ. (ಕೆಳಗಿನರ್ಧ ತಂಗಿಯ ಮನೆಯಲ್ಲಿತ್ತಂತೆ. ಎರಡನ್ನೂ ಯಾರು ಯಾವ ಕಾರಣಕ್ಕೆ ಅಗಲಿಸಿದರೋ.) ನಾಲ್ಕನೆಯದು ಒಂದು ಜೀವಂತ ಕೋಳಿ. ಸುಮ್ಮನಿದ್ದಾಗ ಒಂದು ಕಿಲೋ ಆರುನೂರು, ಒದ್ದಾಡಿದಾಗ ಎರಡು.

"ಕೋಳಿ ಯಾಕ್ರೀ ತಗೊಂಡ್ರಿ?"

"ಗಾಳಿ ಆಡೋಕೆ ತೂತು ಬಿಟ್ಟಿದೀನಲ್ಲ, ನಿಯಮದ ಪ್ರಕಾರ ಸರಿ ಇದೆ."

"ನಿಯಮ ಅಲ್ಲ, ಬೇಡ ಅನ್ನಬಹುದಿತ್ತಲ್ಲ?"

"ಕೌಂಟರಿಗೆ ಬಂದೋರನ್ನ ವಾಪಸ್ ಕಳಿಸೋದಾ?"

ತಿರುವಜ್ಜ ತಲೆ ಕೆರೆದುಕೊಂಡ. "ಸ್ವಾಮೀ, ನಮ್ಮಲ್ಲಿ ಆ ಕಡೆ ಹೋಗೋರ ಕೈಲಿ ಕೊಟ್ಟು ಕಳಿಸೋದು ಇದೆ, ನಿಜ. ಆದ್ರೆ ಒಬ್ಬರಿಗೆ ಒಂದೇ ಸಾಮಾನು. ಆಗಲ್ಲ ಅಂದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ. ನೀವು ಯಾಕೋ ಕೈ ಚಾಚ್ಕೊಂಡೇ ನಿಂತಿರ್ತೀರಿ."

ಮೂರನೇ ಹಳ್ಳಿಯಲ್ಲಿ ಸಾಲು ನಿಂತಿತ್ತು. ನರ್ಸಮ್ಮ ಅಲ್ಲಿನ ಹೆಂಗಸರ ಜೊತೆ ಜಲಪಾತಕ್ಕೆ ಹೋಗಿ, ಈಜಿ, ಬಂಡೆಯ ಮೇಲೆ ಮಲಗಿ, ಕಿವಿಗೆ ಹೂವಿಟ್ಟುಕೊಂಡು ಮಧ್ಯಾಹ್ನ ತಿರುಗಿ ಬಂದರು. ರಾಯರು ಇನ್ನೂ ಒಂದು ಒನಕೆಗೆ ಹುಲ್ಲು ಸುತ್ತುತ್ತಿದ್ದರು. ಪ್ರಕೃತಿ ಸೌಂದರ್ಯದಲ್ಲಿ ಅವರು ಅಂದು ಕಂಡದ್ದು ಆ ಒನಕೆಯೊಂದೇ.

ನಾಲ್ಕನೇ ದಿನದ ಏರಿನಲ್ಲಿ ಜೀವ ಬಾಯಿಗೆ ಬಂತು. ಬ್ಯಾಗಿನ ಮೇಲೆ ಬೀಸುಕಲ್ಲಿನ ಜಾಗಕ್ಕೆ ಈಗ ಕಬ್ಬಿಣದ ಗುದ್ದಲಿ ಬಂದಿತ್ತು, ಎಡಕ್ಕೆ ಒನಕೆ, ಬಲಕ್ಕೆ ಎರಡು ಬುಟ್ಟಿ, ಎದೆಯ ಮೇಲೆ ಹೊಸದೊಂದು ಕೋಳಿ. ಒಟ್ಟು ಇಪ್ಪತ್ತೊಂಬತ್ತು ಕಿಲೋ. ಮೊಣಕಾಲುಗಳು ಪರಸ್ಪರ ಮಾತು ಬಿಟ್ಟಿದ್ದವು. ರಾಯರು ಒಂದು ಬೇರಿನ ಮೇಲೆ ಕುಸಿದು ಕೂತರು. ನರ್ಸಮ್ಮ ಬಂದು ನಾಡಿ ಹಿಡಿದರು. ಈ ಸಲ ಅವರ ಹುಬ್ಬಿನಲ್ಲಿ ನಿಜವಾದ ಕಳವಳವಿತ್ತು.

"ನೂರ ಮೂವತ್ತು ಇದೆ. ಹಟ ಬೇಡ ರೀ, ಬ್ಯಾಗು ಅಜ್ಜನಿಗೆ ಕೊಡಿ. ಪಂದ್ಯ ಗಿಂದ್ಯ ಆಮೇಲೆ ನೋಡೋಣ."

"ಕೊಡಿ ಸ್ವಾಮೀ, ಇನ್ನೊಂದು ತಿರುವು ಅಷ್ಟೇ" ಎಂದು ತಿರುವಜ್ಜ ಒಂದೇ ಕೈಯಲ್ಲಿ ಪಟ್ಟಿ ಹಿಡಿದ.

ಒಂದು ಕ್ಷಣ ರಾಯರ ಭುಜ ಹಗುರಾಯಿತು. ಆಹಾ, ಆ ಸುಖವೇ! ಅದೇ ಕ್ಷಣಕ್ಕೆ ಕಣ್ಣ ಮುಂದೆ ಒಂದು ತಾರಸಿ ಮೂಡಿತು. ತಾರಸಿಯ ಮೇಲೆ ಟ್ಯಾಂಕು. ಟ್ಯಾಂಕಿನ ಪಕ್ಕದಲ್ಲಿ ಒಂದು ಬೆರಳು ಮೇಲೆತ್ತಿ ನಿಂತ ಷಡ್ಡಕ. "ಸೋಲಿನ ಹಿಂದಿನ ತತ್ವ ಏನು ಗೊತ್ತಾ ರಾಯರೇ?" ಒಂಬತ್ತು ವರ್ಷ! ರಾಯರು ಬೆಂಕಿ ತಗುಲಿದವರಂತೆ ಎದ್ದು ಬ್ಯಾಗು ಕಸಿದುಕೊಂಡರು. "ಪ್ರಾಣ ಬೇಕಾದ್ರೆ ಹೋಗಲಿ, ಬ್ಯಾಗು ಮುಟ್ಟಬೇಡ!" ಎಂದು ಕೂಗಿ, ಕೋಳಿಯೂ ಜೊತೆಗೆ ಕೂಗಿ, ಇಬ್ಬರೂ ಏರು ಹತ್ತಿಬಿಟ್ಟರು.

ಐದನೇ ದಿನ ಮಧ್ಯಾಹ್ನ ಕೊನೆಯ ಹಳ್ಳಿ. ಇಡೀ ಹಳ್ಳಿ ಅಂಗಳದಲ್ಲಿ ನೆರೆದಿತ್ತು. ರಾಯರು ಒಂದೊಂದೇ ಸಾಮಾನು ಇಳಿಸಿ, ಹೆಸರು ಕರೆದು, ಹಸ್ತಾಂತರಿಸಿದರು: "ಹಲ್ಲು ಬಿದ್ದ ಮಾವ!" "ಎರಡು ಹಸುವಿನವಳು!" ಕೊನೆಯ ಕೋಳಿಯೂ ವಾರಸುದಾರರ ಕೈ ಸೇರಿದಾಗ ಜನ ಹೋ ಎಂದು ಕೂಗಿದರು. ಹಳ್ಳಿಯ ಹಿರಿಯಾಕೆ ಹತ್ತಿರ ಬಂದು, "ಮತ್ತೆ ಯಾವಾಗ ಬರ್ತೀಯಪ್ಪ? ವಾರಕ್ಕೊಮ್ಮೆನಾ, ಎರಡು ಸಲನಾ?" ಎಂದು ವಿಚಾರಿಸಿದಳು.

ರಾಯರ ಕಿವಿಗೆ ಅದು ಬೀಳಲಿಲ್ಲ. ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದರು. "ನೋಡಿದೆಯಾ? ಐದು ದಿನ! ಒಬ್ಬರ ಕೈಗೂ ಕೊಡಲಿಲ್ಲ! ಇನ್ಮೇಲೆ ರಜೆ ನನ್ನದು!"

"ನಿಮ್ಮದೇ. ಒಪ್ಪಿದೆ" ಎಂದರು ನರ್ಸಮ್ಮ. ಅವರ ಮುಖದಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು. ಅದನ್ನು ಕಂಡು ರಾಯರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಂತಾಯಿತು. ಈಗ ತಮ್ಮ ಸಾಮಾನಷ್ಟೇ ಉಳಿದ ಬ್ಯಾಗನ್ನು ಹೂವಿನಂತೆ ಎತ್ತಿ ಹೆಗಲಿಗೇರಿಸಿದರು.

ಏರಿಸಿದವರು ಹಾಗೇ ನಿಂತರು. ಕಣ್ಣು ಮುಚ್ಚಿದರು. ಒಮ್ಮೆ ಮೇಲೆ, ಒಮ್ಮೆ ಕೆಳಗೆ.

"ಹನ್ನೆರಡು ಕಿಲೋ ಆರುನೂರು" ಎಂದರು ಸಣ್ಣ ದನಿಯಲ್ಲಿ. "ಎಲ್ಲ ಕೊಟ್ಟಾಯ್ತಲ್ಲ. ಮೂರು ಕಿಲೋ ಇನ್ನೂರು ಇನ್ನೂ ಎಲ್ಲಿಂದ..."

ಮೂರು ಕಿಲೋ ಇನ್ನೂರು. ಆ ಅಂಕಿಯನ್ನು ಎಲ್ಲೋ ಕೇಳಿದ ನೆನಪು. ರಾಯರು ಮೆಲ್ಲಗೆ ಕೂತು ಅಡಿಯ ಜಿಪ್ಪು ಎಳೆದರು. ರೇನ್‌ಕೋಟಿನ ಕೆಳಗೆ, ಬಟ್ಟೆ ಸುತ್ತಿ ಅಂಚು ಹೊಲಿದ, ಏಳು ಗಂಟಿನ ಪಾರ್ಸೆಲು. ಮೇಲೆ ಮುತ್ತಿನಂಥ ಅಕ್ಷರದಲ್ಲಿ ಷಡ್ಡಕನ ವಿಳಾಸ.

"ಇದು... ನೀನು ಬುಕ್ ಮಾಡ್ತೀನಿ ಅಂದಿದ್ದೆ!"

"ಮಾಡಿದೆನಲ್ಲ, ನಿಮ್ಮ ಹತ್ರ. ನಿಮಗಿಂತ ಜವಾಬ್ದಾರಿ ಇರೋರು ಯಾರಿದಾರೆ ರೀ? ಈ ಹಳ್ಳಿ ಕೆಳಗಿನ ಟಾರು ರಸ್ತೆಯಿಂದ ಅಕ್ಕನ ಊರಿಗೆ ಬಸ್ಸಲ್ಲಿ ಎರಡೇ ಗಂಟೆ. ಹೊರಡೋ ಮುಂಚೆನೇ ನಕ್ಷೆ ನೋಡಿದ್ದೆ."

"ಬರೋದಿಲ್ಲ! ಇದನ್ನ ಬಸ್ ಕಂಡಕ್ಟರ್ ಕೈಲಿ ಕೊಟ್ಟು ಕಳಿಸ್ತೀನಿ!"

"ಕಳಿಸಿ. ಬ್ಯಾಗಲ್ಲಿರೋದನ್ನ ಬೇರೆಯವರ ಕೈಲಿ ಹೊರಿಸಿದ ಹಾಗಾಯ್ತು. ಪಂದ್ಯ ನಂದು."

"ಹಾಗಾದ್ರೆ ಮನೆಗೇ ವಾಪಸ್ ಒಯ್ತೀನಿ!"

"ಒಯ್ಯಿರಿ" ಎಂದರು ನರ್ಸಮ್ಮ ಮೃದುವಾಗಿ. "ಇಪ್ಪತ್ತೆರಡು ವರ್ಷದಲ್ಲಿ ಮೊದಲನೇದು. ವಿಳಾಸ ಬರೆದ ಮೇಲೆ ಅದು ಬರೀ ಡಬ್ಬ ಅಲ್ಲ ಅಂತ ಯಾರೋ ಹೇಳ್ತಿದ್ರು."

ಕೆಳಗಿನ ರಸ್ತೆಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ರಾಯರು ಬ್ಯಾಗು ಹೊತ್ತು ಇಳಿದರು.

ಬಸ್ಸಿನಲ್ಲಿ ಎರಡು ಗಂಟೆ ಅವರು ಒಂದೇ ಸಮಾಧಾನವನ್ನು ಅಗಿದು ನುಂಗುತ್ತಿದ್ದರು: ಇದೇ ಕೊನೆ. ಗೆದ್ದದ್ದು ಗೆದ್ದದ್ದೇ. ಬಾಗಿಲಲ್ಲೇ ಪಾರ್ಸೆಲ್ ಕೊಟ್ಟು, ಸಹಿ ಹಾಕಿಸಿ, ಹದಿನೆಂಟು ವರ್ಷದ ಲೆಕ್ಕ ಚುಕ್ತಾ ಮಾಡುವುದು. ಷಡ್ಡಕ ಬಾಗಿಲು ತೆರೆದದ್ದೇ ತಡ, ರಾಯರು ಉಸಿರೂ ಬಿಡದೆ ಒದರಿದರು. "ಭಾವ, ಬೇಜಾರು ಮಾಡ್ಕೋಬೇಡಿ! ಮುಂದಿನ ವರ್ಷದಿಂದ ರಜೆಗೆ ನಾವು ಇಲ್ಲಿಗೆ ಬರೋದಿಲ್ಲ! ಇನ್ಮೇಲೆ ಪ್ರತಿ ವರ್ಷ ಕಾಡಿಗೇ!"

"ಗೊತ್ತು ರಾಯರೇ, ಗೊತ್ತು!" ಷಡ್ಡಕನ ಮುಖ ಊರಗಲವಾಯಿತು. "ತಂದ್ರಾ? ಕೊಡಿ ಕೊಡಿ!"

ಪಾರ್ಸೆಲ್ ಒಳಗೆ ಹೋಯಿತು. ಏಳು ಗಂಟಿನ ಹಿಂದಿನ ತತ್ವವನ್ನು ವಿವರಿಸುತ್ತಲೇ ಷಡ್ಡಕ ಕತ್ತರಿ ಆಡಿಸಿದರು. ಪೆಟ್ಟಿಗೆಯಿಂದ ಎರಡು ಜೊತೆ ದಪ್ಪ ಅಡಿಯ, ಹೊಚ್ಚ ಹೊಸ ಬೆಟ್ಟ ಹತ್ತುವ ಬೂಟುಗಳು ಹೊರಬಂದವು. ಒಂದು ಜೊತೆ ದೊಡ್ಡದು, ಒಂದು ಸಣ್ಣದು. ಅಕ್ಕ ಒಳಗಿನಿಂದ ಬಂದು ಸಣ್ಣದನ್ನು ಎದೆಗೊತ್ತಿಕೊಂಡರು. "ನಿನ್ನ ಗಂಡನಂಥವರು ಸಿಗಲ್ಲ ಕಣೇ" ಎಂದು ತಂಗಿಯ ಕೆನ್ನೆ ಹಿಂಡಿದರು. "ಕಾಡಿಗೆ ಹೋಗಬೇಕು ಅಂತ ನಾವಿಬ್ಬರೂ ಚಿಕ್ಕಂದಿನಿಂದ ಬಾಯಿ ಬಿಡ್ತಿದ್ವಿ."

ಷಡ್ಡಕ ಬೂಟು ತೊಟ್ಟು ಪಡಸಾಲೆಯಲ್ಲಿ ದಡದಡ ನಡೆದು ನೋಡಿದರು. "ಸ್ವಲ್ಪ ಕಚ್ಚುತ್ತೆ. ಮುಂದಿನ ವರ್ಷದ ಹೊತ್ತಿಗೆ ಸಡಿಲ ಆಗುತ್ತೆ. ಐದು ದಿನ ಒಟ್ಟಿಗೆ ನಡೆಯೋದು ಅಂದ್ರೆ ಎಷ್ಟು ಮಾತಾಡಬಹುದು ರಾಯರೇ! ನನ್ನದೊಂದೇ ತೊಂದರೆ, ಬೆನ್ನು. ಭಾರ ಎತ್ತಬಾರದು ಅಂದಿದಾರೆ ಡಾಕ್ಟರು. ಆದರೆ ನಾದಿನಿ ಈಗಷ್ಟೇ ಬಸ್ ಸ್ಟ್ಯಾಂಡಿಂದ ಫೋನು ಮಾಡಿ ಹೇಳಿದ್ಲು, ನೀವು ಇಪ್ಪತ್ತೊಂಬತ್ತು ಕಿಲೋವರೆಗೂ ಬೇಡ ಅನ್ನೋದೇ ಇಲ್ಲವಂತೆ?"

ರಾಯರು ಹೆಂಡತಿಯ ಕಡೆ ನೋಡಿದರು. ನರ್ಸಮ್ಮ ಅಕ್ಕನ ಬೂಟಿನ ದಾರ ಕಟ್ಟುವುದರಲ್ಲಿ ಮಗ್ನರಾಗಿದ್ದರು. ಗಂಟು ಸಡಿಲವಾಗಿತ್ತು. ರಾಯರ ಕೈ ತಡೆಯಲಿಲ್ಲ. ಬಗ್ಗಿ ಅದನ್ನು ಬಿಚ್ಚಿ ಬಿಗಿಯಾಗಿ ಕಟ್ಟಿದರು. ಆಮೇಲೆ ಷಡ್ಡಕನದನ್ನೂ ಕಟ್ಟಿದರು. ಎದ್ದು, ಬ್ಯಾಗಿನಿಂದ ರಸೀದಿ ಪುಸ್ತಕ ತೆಗೆದು ಮುಂದೆ ಹಿಡಿದರು.

"ಇಲ್ಲೊಂದು ಸಹಿ ಹಾಕಿ."

ಷಡ್ಡಕ ಪೆನ್ನು ತೆಗೆದುಕೊಂಡರು. ಹಾಳೆ ತಿರುವಿ, ಬಾಚಣಿಗೆ, ಕೋಳಿಕಾಲು, ಸೂರ್ಯ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಕುರ್ಚಿ ಎಳೆದು ರಾಯರನ್ನು ಕೂರಿಸಿ, ಎದುರಿಗೆ ತಾವೂ ಬೂಟುಗಾಲಲ್ಲೇ ಕೂತು ಕೇಳಿದರು.

"ರಸೀದಿಯ ಹಿಂದಿನ ತತ್ವ ಏನು ಗೊತ್ತಾ ರಾಯರೇ?"